ಮೇಜು ಸುಟ್ಟವನ ಮನೆಯಾಕೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಬರ್ನಾರ್ ಪಾಲಿಸಿಯ ಕಥೆ ನೆನಪಿರಬಹುದು. ಪಾಠ ಮುಗಿದು, ಗಂಟೆ ಬಾರಿಸಲು ಇನ್ನೂ ಹತ್ತು ನಿಮಿಷ ಉಳಿದಿರುವಾಗ ನಾನು ಹೇಳುತ್ತಿದ್ದ ಕಥೆಗಳಲ್ಲಿ ಅದೂ ಒಂದು. ಹೆಸರು ಕಿವಿಗೆ ಬಿದ್ದೊಡನೆ ಹಿಂದಿನ ಬೆಂಚಿನಿಂದ "ಎಲ್.ಐ.ಸಿ. ಪಾಲಿಸೀನಾ ಸಾರ್?" ಎಂಬ ಪ್ರಶ್ನೆ ಬರುವುದು, ತರಗತಿಯೆಲ್ಲ ನಗುವುದು, ನಾನು ಡಸ್ಟರಿನಿಂದ ಮೇಜು ಕುಟ್ಟುವುದು, ಇವೆಲ್ಲ ಪ್ರತಿವರ್ಷದ ಸಂಪ್ರದಾಯವಾಗಿದ್ದವು. ಬಿಳಿಯ ಹೊಳಪಿನ ಮಣ್ಣಿನ ಪಾತ್ರೆ ಮಾಡುವ ಗುಟ್ಟನ್ನು ಅರಸುತ್ತ ಹದಿನೈದು ಹದಿನಾರು ವರ್ಷ ಕಳೆದವನು, ಸೌದೆ ಮುಗಿದಾಗ ಮನೆಯ ಮೇಜುಗಳನ್ನೂ ನೆಲದ ಹಲಗೆಗಳನ್ನೂ ಕಿತ್ತು ಬೆಂಕಿಗೆ ಒಡ್ಡಿದವನು, ಕಡೆಗೆ ಗೆದ್ದವನು. ಇಷ್ಟು ಹೇಳಿ, "ಛಲ ಎಂದರೆ ಇದು" ಎಂದು ಮುಗಿಸುತ್ತಿದ್ದೆ.

ಒಮ್ಮೆ, 1996ನೆಯ ಇಸವಿ ಇರಬೇಕು, ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಅವನ ಹೆಂಡ್ತಿ ಹೆಸರೇನು ಸಾರ್?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಬದಲು, "ಪರೀಕ್ಷೆಗೆ ಅದನ್ನೆಲ್ಲ ಕೇಳೋದಿಲ್ಲಮ್ಮ, ಕೂತ್ಕೋ" ಎಂದೆ. ಮೇಷ್ಟ್ರುಗಳಿಗೆ ಇದೊಂದು ಸುಲಭದ ಆಯುಧ. ಈ ಬರಹ ಆ ಹುಡುಗಿಗೆ ನಾನು ಬಹಳ ತಡವಾಗಿ ಕೊಡುತ್ತಿರುವ ಉತ್ತರವೆಂದು ತಿಳಿಯಬೇಕು.

ಪಾಲಿಸಿ ಹುಟ್ಟಿದ್ದು 1510ರ ಆಸುಪಾಸಿನಲ್ಲಿ, ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ. ಕಸುಬಿನಿಂದ ಅವನು ಕುಂಬಾರನೇ ಅಲ್ಲ. ಕಿಟಕಿಯ ಗಾಜಿನ ಮೇಲೆ ಚಿತ್ರ ಬರೆಯುವವನು, ಜೊತೆಗೆ ಭೂಮಿ ಅಳೆಯುವ ಮೋಜಣಿದಾರ. ಊರೂರು ಅಲೆದ ಮೇಲೆ 1539ರ ಸುಮಾರಿಗೆ ಶರಾಂತ್ ನದಿಯ ದಂಡೆಯ ಸ್ಯಾಂತ್ ಎಂಬ ಪಟ್ಟಣದಲ್ಲಿ ಸಂಸಾರ ಹೂಡಿದ. ಆ ದಿನಗಳಲ್ಲಿ ಯಾರೋ ಅವನಿಗೆ ಒಂದು ಮಣ್ಣಿನ ಬಟ್ಟಲನ್ನು ತೋರಿಸಿದರು. ನಮ್ಮ ಉಪ್ಪಿನಕಾಯಿ ಜಾಡಿಯ ಮೈಮೇಲಿನ ನುಣುಪನ್ನು ನೆನಪಿಸಿಕೊಳ್ಳಿ. ಅದಕ್ಕಿಂತ ಎಷ್ಟೋ ಸೊಗಸಾದ ಹೊಳಪಿನ ಲೇಪ ಆ ಬಟ್ಟಲಿಗಿತ್ತು. ತವರದ ಭಸ್ಮವನ್ನು ಬೆರೆಸಿ ಇಂಥ ಬಿಳಿಯ ಲೇಪ ಮಾಡುವ ವಿದ್ಯೆ ಇಟಲಿಯವರಿಗೆ ಆಗಲೇ ಕರಗತವಾಗಿತ್ತು. ಆದರೆ ಕುಶಲಕರ್ಮಿಗಳು ತಮ್ಮ ಗುಟ್ಟನ್ನು ಮಕ್ಕಳಿಗೆ ಹೇಳಿಯಾರು, ಹೊರಗಿನವರಿಗೆ ಹೇಳರು. ಬಟ್ಟಲನ್ನು ಕಂಡ ಕ್ಷಣದಿಂದ ಪಾಲಿಸಿಗೆ ಬೇರೆ ಯೋಚನೆಯೇ ಇಲ್ಲದಂತಾಯಿತು. ಮಣ್ಣಿನ ಗುಣ ತಿಳಿಯದು, ಬೆಂಕಿಯ ಹದ ತಿಳಿಯದು. ಆದರೂ ಕತ್ತಲೆಯಲ್ಲಿ ತಡಕಾಡುವವನಂತೆ ಹೊರಟುಬಿಟ್ಟ.

ಅವನ ವಿಧಾನವನ್ನು ಇಂದಿನ ಪ್ರಯೋಗಾಲಯದವರೂ ಮೆಚ್ಚಬೇಕು. ಮಡಕೆಗಳನ್ನು ಕೊಂಡು ತಂದು ಒಡೆದು ಚೂರು ಮಾಡುವನು. ಕೈಗೆ ಸಿಕ್ಕ ಖನಿಜಗಳನ್ನೆಲ್ಲ ಕುಟ್ಟಿ ಪುಡಿ ಮಾಡಿ, ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಒಂದೊಂದು ಚೂರಿಗೆ ಒಂದೊಂದನ್ನು ಹಚ್ಚುವನು. ಯಾವ ಚೂರಿಗೆ ಯಾವ ಮಿಶ್ರಣವೆಂದು ಗುರುತು ಬರೆದುಕೊಂಡು ಬೇಯಿಸುವನು. ಮೊದಲ ವರ್ಷಗಳೆಲ್ಲ ವ್ಯರ್ಥವಾದವು. ತನ್ನ ಆವಿಗೆ ಸರಿಯಿಲ್ಲವೆಂದು ಊರಾಚೆಯ ಕುಂಬಾರರ ಆವಿಗೆಗೆ ಚೂರುಗಳನ್ನು ಹೊರಿಸಿ ಕಳಿಸಿದ. ಅವರ ಬೆಂಕಿಯ ಶಾಖ ಸಾಲಲಿಲ್ಲ. ಕೈ ಬರಿದಾದಾಗ ಕೆಲಕಾಲ ಎಲ್ಲವನ್ನೂ ನಿಲ್ಲಿಸಿ ಹಳೆಯ ಕಸುಬಿಗೆ ಮರಳಿದ.

ಆಗ ಅವನನ್ನು ಕಾಪಾಡಿದ್ದು ಉಪ್ಪಿನ ತೆರಿಗೆ. ಫ್ರಾನ್ಸಿನ ಮಹಾಕ್ರಾಂತಿಯ ಪಾಠದಲ್ಲಿ ನೀವು ಓದಿದ 'ಗಾಬೆಲ್' ಇದೇ. 1543ರ ಸುಮಾರಿನಲ್ಲಿ ಈ ತೆರಿಗೆಯ ಸಲುವಾಗಿ ಸ್ಯಾಂತೋಂಜ್ ಪ್ರಾಂತದ ಕರಾವಳಿಯ ಉಪ್ಪಿನ ಗದ್ದೆಗಳನ್ನು ಅಳೆದು ನಕ್ಷೆ ಬರೆಯುವ ಸರ್ಕಾರಿ ಕೆಲಸ ಪಾಲಿಸಿಗೆ ದೊರೆಯಿತು. ಕೆಲಸ ಮುಗಿದು ಕೈಗೆ ಹಣ ಬಂದದ್ದೇ ತಡ, ಮತ್ತೆ ಮಡಕೆಯ ಚೂರು! ಆ ಹಣ ಬಂದ ದಿನ ಆ ಮನೆಯಲ್ಲಿ ಎಂಥ ಮಾತು ನಡೆದಿರಬಹುದೆಂದು ನಾನು ಈಚೆಗೆ ಎಷ್ಟೋ ಬಾರಿ ಯೋಚಿಸಿದ್ದೇನೆ.

ಈ ಸಲ ಅವನು ಚೂರುಗಳನ್ನು ಗಾಜು ತಯಾರಿಸುವವರ ಕುಲುಮೆಗೆ ಒಯ್ದ. ಅಲ್ಲಿ ಶಾಖ ಹೆಚ್ಚು. ಎರಡು ವರ್ಷ ಅಲ್ಲಿಗೂ ಇಲ್ಲಿಗೂ ತಿರುಗಾಡಿದ. ಇದೇ ಕಡೆಯ ಸಲವೆಂದು ನಿಶ್ಚಯಿಸಿ, 300ಕ್ಕೂ ಹೆಚ್ಚು ಬಗೆಯ ಮಿಶ್ರಣಗಳನ್ನು ಹಚ್ಚಿದ ಚೂರುಗಳನ್ನು ಆಳಿನ ಮೇಲೆ ಹೊರಿಸಿಕೊಂಡು ಹೋದ. ಅವುಗಳಲ್ಲಿ ಒಂದೇ ಒಂದು ಚೂರು, ನಾಲ್ಕು ಗಂಟೆಗಳೊಳಗೆ ಕರಗಿ, ತಣ್ಣಗಾದ ಮೇಲೆ ಬೆಳ್ಳಗೆ ನುಣ್ಣಗೆ ಹೊಳೆಯಿತು. ತಾನು ಹೊಸದಾಗಿ ಹುಟ್ಟಿದಂತೆ ಭಾಸವಾಯಿತೆಂದು ಅವನೇ ಮುಂದೆ ಬರೆದುಕೊಂಡಿದ್ದಾನೆ.

ನಾನು ತರಗತಿಯಲ್ಲಿ ಸ್ವರವೇರಿಸಿ ಹೇಳುತ್ತಿದ್ದ ಭಾಗ ಬರುವುದು ಇದಾದ ಮೇಲೆ. ಗಾಜಿನವರ ಕುಲುಮೆಯಂಥದ್ದನ್ನೇ ಮನೆಯಲ್ಲಿ ಕಟ್ಟಲು ತೊಡಗಿದ. ಆಳಿಗೆ ಕೂಲಿ ಕೊಡಲು ಹಣವಿಲ್ಲ. ಇಟ್ಟಿಗೆಯನ್ನು ತಾನೇ ಬೆನ್ನ ಮೇಲೆ ಹೊತ್ತ, ನೀರು ಸೇದಿದ, ಗಾರೆ ಕಲಸಿದ. ಪಾತ್ರೆಗಳಿಗೆ ಲೇಪ ಹಚ್ಚಿ ಕುಲುಮೆಗಿಟ್ಟು, ಆರು ಹಗಲು ಆರು ರಾತ್ರಿ ಎರಡು ಬಾಯಿಗಳಿಂದ ಸೌದೆ ಒಡ್ಡಿದ. ಲೇಪ ಕರಗಲಿಲ್ಲ. ಮಿಶ್ರಣದಲ್ಲಿ ಕೊರತೆಯಿರಬೇಕೆಂದು, ಕುಲುಮೆ ತಣ್ಣಗಾಗಲು ಬಿಡದೆ, ಹೊಸ ಮಿಶ್ರಣವನ್ನು ಅರೆದು, ಹೊಸ ಮಡಕೆಗಳನ್ನು ಕೊಂಡು ತಂದು ಮತ್ತೆ ಬೆಂಕಿಗಿಟ್ಟ. ಅಷ್ಟರಲ್ಲಿ ಸೌದೆ ತೀರಿತು. ಮೊದಲು ತೋಟದ ಬಳ್ಳಿಗಳಿಗೆ ಆಸರೆಯಾಗಿ ನೆಟ್ಟಿದ್ದ ಗೂಟಗಳು ಬೆಂಕಿಗೆ ಬಿದ್ದವು. ಆಮೇಲೆ ಮೇಜುಗಳು. ಆಮೇಲೆ ಮನೆಯ ನೆಲಕ್ಕೆ ಹಾಸಿದ್ದ ಹಲಗೆಗಳು. ಮೈಮೇಲಿನ ಅಂಗಿ ಬೆವರಿನಿಂದ ಒಂದು ತಿಂಗಳಿಗೂ ಹೆಚ್ಚು ಕಾಲ ಒಣಗಿರಲಿಲ್ಲವಂತೆ. ಊರಲ್ಲಿ ಸಾಲ ಹುಟ್ಟದಾಯಿತು. ಹುಚ್ಚು ಹಿಡಿದಿದೆಯೆಂದು ಕೆಲವರು, ಕಳ್ಳನಾಣ್ಯ ತಯಾರಿಸುತ್ತಿದ್ದಾನೆಂದು ಕೆಲವರು ಮಾತಾಡಿಕೊಂಡರು.

ನಾನು ಮಕ್ಕಳಿಗೆ ಹೇಳದೆ ಬಿಡುತ್ತಿದ್ದ ಸಂಗತಿಗಳೂ ಇವೆ. ಬಿಟ್ಟದ್ದು ದುರುದ್ದೇಶದಿಂದಲ್ಲ. ನನಗೆ ಈ ಕಥೆ ದೊರೆತದ್ದು ಬಿ.ಎಡ್. ಓದುವಾಗ ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕ, ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬ ಬ್ರಿಟಿಷ್ ಲೇಖಕನ 'ಸೆಲ್ಫ್ ಹೆಲ್ಪ್' ಪುಸ್ತಕದಿಂದ. 1859ರಲ್ಲಿ ಮೊದಲು ಹೊರಬಂದ ಆ ಪುಸ್ತಕದ ಗುರಿಯೇ ಪರಿಶ್ರಮದ ಮಹಿಮೆಯನ್ನು ಸಾರುವುದು. ಅದರಲ್ಲಿ ಹೆಂಡತಿ ಮಕ್ಕಳು ಬೀದಿಗೆ ಓಡಿ, ಪಾಲಿಸಿಗೆ ಹುಚ್ಚು ಹಿಡಿದಿದೆ, ಮನೆಯ ಸಾಮಾನನ್ನೇ ಸುಡುತ್ತಿದ್ದಾನೆ ಎಂದು ಕೂಗಾಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಚಿತ್ರಕಾರರಿಗೂ ಈ ದೃಶ್ಯ ಪ್ರಿಯವಾಗಿತ್ತು. ನಾನೂ ಆ ಹೆಂಗಸನ್ನು, ದೊಡ್ಡ ಮನುಷ್ಯನ ದಾರಿಗೆ ಅಡ್ಡಬಂದ ಅವಿವೇಕಿಯೆಂಬಂತೆ ಅಭಿನಯಿಸಿ ತೋರಿಸಿ ಮಕ್ಕಳನ್ನು ನಗಿಸುತ್ತಿದ್ದೆ.

ಪಾಲಿಸಿ ತಾನೇ ಬರೆದದ್ದನ್ನು ನಾನು ಓದಿದ್ದು ನಿವೃತ್ತಿಯ ನಂತರ. ಅದನ್ನು ದೊರಕಿಸಿಕೊಟ್ಟವಳು ಆ ಮುಂದಿನ ಸಾಲಿನ ಹುಡುಗಿಯೇ. ಈಗ ಅವಳೂ ಇಬ್ಬರು ಮಕ್ಕಳ ತಾಯಿ. ಹಳೆಯ ಪುಸ್ತಕಗಳ ಇಂಗ್ಲಿಷ್ ಅನುವಾದವನ್ನು ಕಂಪ್ಯೂಟರಿನಲ್ಲಿ ಹುಡುಕಿ ತೆಗೆದು, "ಸಾರ್, ಇದರಲ್ಲೂ ಹೆಸರಿಲ್ಲ" ಎಂಬ ಒಂದು ಸಾಲಿನೊಂದಿಗೆ ಕಳಿಸಿದ್ದಳು. 1580ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಆ ಗ್ರಂಥ 'ಸಿದ್ಧಾಂತ' ಮತ್ತು 'ಪ್ರಯೋಗ' ಎಂಬ ಇಬ್ಬರ ಸಂವಾದದ ರೂಪದಲ್ಲಿದೆ. ಸಿದ್ಧಾಂತನು ಗುಟ್ಟು ಹೇಳೆಂದು ಪೀಡಿಸುತ್ತಾನೆ. ಪ್ರಯೋಗನು ತಾನು ಪಟ್ಟ ಪಾಡನ್ನೆಲ್ಲ ಹೇಳಿಕೊಂಡು, ಲೇಪದ ಪ್ರಮಾಣವನ್ನು ಮಾತ್ರ ಹೇಳುವುದಿಲ್ಲ! ಅಲ್ಲಿ ಓದಿದಾಗ, ಬೀದಿಯಲ್ಲಿ ಕೂಗಾಡಿದವರು ಹೆಂಡತಿ ಮಕ್ಕಳೆಂದು ಪಾಲಿಸಿ ಹೇಳಿಯೇ ಇಲ್ಲವೆಂದು ತಿಳಿಯಿತು. ತನಗೆ ನೆರವಾಗಬೇಕಾಗಿದ್ದವರು ಎಂದಷ್ಟೇ ಹೇಳುತ್ತಾನೆ. ಅವರು ಮನೆಯವರೇ ಇರಬಹುದು, ನೆಂಟರಿರಬಹುದು, ನೆರೆಯವರಿರಬಹುದು. ಮೂರು ಶತಮಾನಗಳ ನಂತರದ ಲೇಖಕನು ಆ ತೆರವಾದ ಜಾಗದಲ್ಲಿ ಹೆಂಡತಿಯನ್ನು ನಿಲ್ಲಿಸಿದ. ನಾನು ಅವಳ ಕೈಗೆ ಪೊರಕೆಯನ್ನೂ ಕೊಟ್ಟೆ.

ಅದೇ ಪುಟಗಳಲ್ಲಿ ಇನ್ನೂ ಕೆಲವು ಮಾತುಗಳಿವೆ. ಆ ದಿನಗಳಲ್ಲಿ ಅವನ ಎರಡು ಹಸುಗೂಸುಗಳು ಸಾಮಾನ್ಯವಾಗಿ ದಾದಿಯರ ಬಳಿ ಇರುತ್ತಿದ್ದವು; ದಾದಿಯರಿಗೆ ಕೊಡಲು ಹಣವಿರಲಿಲ್ಲ. ಸಹಾಯಕ್ಕೆಂದು ಒಬ್ಬ ಕುಂಬಾರನನ್ನು ಇಟ್ಟುಕೊಂಡ. ಅವನಿಗೆ ಆರು ತಿಂಗಳು ಹೋಟೆಲಿನವನೊಬ್ಬ ಸಾಲದ ಮೇಲೆ ಊಟ ಹಾಕಿದ. ಕಡೆಗೆ ಕುಂಬಾರನನ್ನು ಕಳಿಸುವಾಗ ಕೊಡಲು ಏನೂ ಇಲ್ಲದೆ ತನ್ನ ಬಟ್ಟೆಗಳನ್ನೇ ಕೂಲಿಯಾಗಿ ಕೊಟ್ಟ. ಆಮೇಲೆ ಕಟ್ಟಿದ ಕುಲುಮೆಯ ಗಾರೆಯಲ್ಲಿ ಬೆಣಚುಕಲ್ಲಿನ ಚೂರುಗಳಿದ್ದವು. ಶಾಖಕ್ಕೆ ಅವು ಸಿಡಿದು, ಕರಗಿದ ಲೇಪಕ್ಕೆ ಅಂಟಿಕೊಂಡವು. ಪಾತ್ರೆಗಳು ಉಳಿದಂತೆ ಚೆನ್ನಾಗಿದ್ದವು, ಮುಟ್ಟಿದರೆ ಮಾತ್ರ ಕೈ ಕೊಯ್ಯುತ್ತಿತ್ತು. ಕಡಿಮೆ ಬೆಲೆಗೆ ಕೊಳ್ಳಲು ಜನ ಸಿದ್ಧರಿದ್ದರು. ಪಾಲಿಸಿ ಒಂದನ್ನೂ ಮಾರಲಿಲ್ಲ. ತನ್ನ ಹೆಸರಿಗೆ ಕುಂದೆಂದು ಅಷ್ಟನ್ನೂ ಒಡೆದುಹಾಕಿ, ಹೋಗಿ ಹಾಸಿಗೆಯ ಮೇಲೆ ಬಿದ್ದುಕೊಂಡ. ಮನೆಯಲ್ಲಿ ಸಾಂತ್ವನದ ಬದಲು ಶಾಪ ಸಿಕ್ಕಿತೆಂದು ದೂರುತ್ತಾನೆ.

ಈ ಒಡೆದ ಪ್ರಸಂಗವನ್ನು ಮಾತ್ರ ನಾನು 'ಸ್ವಾಭಿಮಾನ' ಎಂಬ ಶೀರ್ಷಿಕೆಯಡಿ ತರಗತಿಯಲ್ಲಿ ಹೇಳುತ್ತಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಮೇಜು ಸುಟ್ಟದ್ದನ್ನು ಒಪ್ಪಬಹುದು. ಅಲ್ಲಿ ಕುಲುಮೆ ಉರಿಯುತ್ತಿತ್ತು, ಆ ಗಳಿಗೆ ತಪ್ಪಿದರೆ ಅಷ್ಟು ದಿನದ ಕೆಲಸ ಮಣ್ಣುಪಾಲಾಗುತ್ತಿತ್ತು. ಮನೆಯಲ್ಲಿ ಕೂಸುಗಳಿಗೆ ಹಾಲಿಲ್ಲದಿರುವಾಗ ಮಾರಬಹುದಾದ ಪಾತ್ರೆಗಳನ್ನು ಒಡೆದುಹಾಕಿದವನನ್ನು ಆ ದಿನ ಶಪಿಸದವರು ಯಾರಿದ್ದಾರು? ಇತಿಹಾಸದ ಮೇಷ್ಟ್ರಾಗಿ ಎರಡೂ ಕಡೆಯ ಸಾಕ್ಷ್ಯ ಕೇಳಬೇಕೆಂದು ಹೇಳಿಕೊಡುತ್ತಿದ್ದ ನಾನು ಇಲ್ಲಿ ಒಂದೇ ಕಡೆಯದನ್ನು ಕೇಳಿ ತೀರ್ಪು ಕೊಟ್ಟಿದ್ದೆ.

ಹೀಗೆ ಎರಡನೆಯ ಕಡೆಯ ಬಗ್ಗೆ ನನಗೆ ಕಣ್ಣು ತೆರೆದದ್ದು ಪುಸ್ತಕದಿಂದ ಮಾತ್ರವಲ್ಲ. ಅದಕ್ಕೆ ಮುಂಚೆಯೇ ನಮ್ಮ ಹಿತ್ತಿಲಿನ ಬಾವಿಯಿಂದ. ನಮ್ಮ ಮನೆಗೆ ಬಂದುಹೋಗಿರುವ ನೆಂಟರಿಷ್ಟರಿಗೆ ಆ ಬಾವಿ ಗೊತ್ತು. 2001ರಿಂದ ಮೂರು ವರ್ಷ ಸತತವಾಗಿ ಬರ ಬಂದಾಗ ಅದು ಬತ್ತಿಹೋಯಿತು. ಕೊಡ ಬಿಟ್ಟರೆ ತಳದ ಕಲ್ಲಿಗೆ ಬಡಿದು ಸದ್ದು ಬರುತ್ತಿತ್ತು. ಬಾವಿಗೆ ಮಣ್ಣು ತುಂಬಿಸಿ ಅದರ ಮೇಲೊಂದು ಸ್ಕೂಟರ್ ಶೆಡ್ ಕಟ್ಟಿಸೋಣವೆಂದು ನಾನು ಮೇಸ್ತ್ರಿಯೊಡನೆ ಮಾತಾಡಿಯೂ ಆಗಿತ್ತು. ನನ್ನ ಶ್ರೀಮತಿ ಅಡ್ಡ ನಿಂತಳು. ಮನೆಯ ಮೇಲೆ ಬೀಳುವ ಮಳೆನೀರನ್ನು ಸೋಸಿ ಬಾವಿಗೆ ಬಿಡಬೇಕೆಂಬುದು ಅವಳ ಹಟ. ರೇಡಿಯೋದಲ್ಲಿ ಕೇಳಿದ್ದಳೋ, ವಾರಪತ್ರಿಕೆಯಲ್ಲಿ ಓದಿದ್ದಳೋ, ತವರಿನಲ್ಲಿ ಕಂಡಿದ್ದಳೋ.

"ಮಳೆನೇ ಇಲ್ಲ, ಇನ್ನು ಮಳೆನೀರು ಎಲ್ಲಿಂದ ತರ್ತೀಯ?" ಎಂದೆ.

"ರೀ, ಬಂದಾಗ ಹಿಡ್ಕೊಳ್ಳೋಕೆ ಈಗಲೇ ಕಟ್ಟಬೇಕು. ಬಂದ್ಮೇಲೆ ಕಟ್ಟೋಕಾಗುತ್ತಾ?" ಎಂದಳು.

2004ರಲ್ಲಿ ಎಸ್.ಎಸ್.ಎಲ್.ಸಿ. ಮೌಲ್ಯಮಾಪನ ಮುಗಿಸಿ ಹನ್ನೆರಡು ದಿನಗಳ ನಂತರ ಮನೆಗೆ ಬಂದೆ. ಹೆಂಚಿನ ಅಂಚಿಗೆ ತಗಡಿನ ದೋಣಿ ಕೂತಿತ್ತು, ಅದರಿಂದ ಪೈಪು ಇಳಿದಿತ್ತು, ಬಾವಿಯ ಪಕ್ಕದಲ್ಲಿ ಇಟ್ಟಿಗೆಯ ತೊಟ್ಟಿಯೊಂದು ಎದ್ದಿತ್ತು. ತೊಟ್ಟಿಯೊಳಗೆ ಜಲ್ಲಿ, ಅದರ ಮೇಲೆ ಇದ್ದಿಲು, ಅದರ ಮೇಲೆ ಮರಳು. ತೊಟ್ಟಿಯ ಮುಚ್ಚಳವನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು. ಒಳಗೆ ಹೋಗಿ ನೋಡಿದರೆ, ನಾನು ಹದಿನೆಂಟು ವರ್ಷ ಉತ್ತರಪತ್ರಿಕೆ ತಿದ್ದಿದ್ದ ಹಲಸಿನ ಮರದ ಮೇಜು ಇರಲಿಲ್ಲ! ಅದು ನನ್ನ ತಂದೆ ಮಾಡಿಸಿಕೊಟ್ಟದ್ದು.

ಆ ವರ್ಷದ ಮೊದಲ ದೊಡ್ಡ ಮಳೆಗೆ ದೋಣಿ ಕಿತ್ತು ಬಂತು, ತೊಟ್ಟಿಯ ಒಂದು ಮಗ್ಗುಲು ಒಡೆಯಿತು, ಮರಳೆಲ್ಲ ಬಾವಿಯ ಪಾಲಾಯಿತು. ಮರುದಿನ ಬೆಳಗಿನ ವಾಯುವಿಹಾರದಲ್ಲಿ ನಾನು ಈ ಕಥೆಯನ್ನು ಸಹೋದ್ಯೋಗಿಗಳಿಗೆ ಬಣ್ಣ ಕಟ್ಟಿ ಹೇಳಿದೆ. "ಬಾವಿಗೆ ಮರಳು ತುಂಬಿಸೋಕೆ ನನ್ನ ಮೇಜನ್ನೇ ಕೊಯ್ದಳು" ಎಂದು ನಗಿಸಿದೆ. ಮಧ್ಯಾಹ್ನದೊಳಗೆ ಆ ಮಾತು ಯಾರದೋ ಮನೆಯ ಅಡಿಗೆಮನೆಯ ಮೂಲಕ ಅವಳ ಕಿವಿ ಮುಟ್ಟಿತು. ಮೂರು ದಿನ ಮನೆಯಲ್ಲಿ ಮಾತಿಲ್ಲ. ಅನ್ನ ಸಾರು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಅಷ್ಟೇ. ನಾಲ್ಕನೆಯ ದಿನ ಅವಳು ಸೆರಗು ಸಿಕ್ಕಿಸಿಕೊಂಡು ಜರಡಿ ಹಿಡಿದು ತೊಟ್ಟಿಯ ಬಳಿ ಕೂತಳು. ಮರಳನ್ನು ಜರಡಿ ಹಿಡಿದು, ದಪ್ಪದ್ದು ಬೇರೆ, ಸಣ್ಣದ್ದು ಬೇರೆ ಮಾಡಿದಳು. ಮೊದಲ ಮಳೆಯ ಕೊಳೆನೀರು ಬಾವಿಗೆ ಹೋಗದಂತೆ ಪೈಪಿಗೊಂದು ಬಿರಡೆ ಇಡಿಸಿದಳು. ತೊಟ್ಟಿಯನ್ನು ಮತ್ತೆ ಕಟ್ಟಿಸಲು ಮೇಸ್ತ್ರಿಗೆ ಕೊಟ್ಟ ಹಣ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಅವಳ ಕೈಯಲ್ಲಿ ನಾಲ್ಕು ಬಳೆಗಳ ಬದಲು ಎರಡಿದ್ದವು.

ಜರಡಿ ಆಡಿಸುತ್ತಿದ್ದ ಆ ಸದ್ದನ್ನು ಜಗಲಿಯಲ್ಲಿ ಕುಳಿತು ಕೇಳುತ್ತಿದ್ದಾಗ ನನಗೆ ಪಾಲಿಸಿಯ ನೆನಪಾಯಿತು. ಬೀದಿಯಲ್ಲಿ ಕೂಗಿ ಹೇಳಿದವನು ನಾನೇ ಆಗಿದ್ದೆ. ನೆರವಾಗಬೇಕಾಗಿದ್ದವನೂ ನಾನೇ. ಆದರೆ ಮೇಜು ಹೋದ ಸಂಕಟ ಎಂಥದ್ದೆಂಬುದೂ ಆಗ ನನಗೆ ತಿಳಿದಿತ್ತು. ಅದೇನೂ ಅವಿವೇಕವಾಗಿರಲಿಲ್ಲ.

2005ರ ಮಳೆಗಾಲ ಚೆನ್ನಾಗಿತ್ತು. ಆ ಅಕ್ಟೋಬರಿನಲ್ಲಿ ಬಾವಿಗೆ ಹಗ್ಗ ಇಳಿಸಿ ಅಳೆದಾಗ ಹನ್ನೊಂದು ಅಡಿ ನೀರಿತ್ತು. ಮಳೆ ಹಿಂಗಿ ಅಂತರ್ಜಲವೇ ಮೇಲೆ ಬಂದದ್ದರಿಂದಲೋ, ಅವಳ ತೊಟ್ಟಿಯಿಂದಲೋ ಎಂದು ನಾನು ವಾದ ತೆಗೆದೆ. ಅವಳು ಉತ್ತರ ಕೊಡದೆ ಒಂದು ಕೊಡ ಸೇದಿ ನನ್ನ ಮುಂದಿಟ್ಟಳು.

ಪಾಲಿಸಿಯ ಮುಂದಿನ ಬದುಕನ್ನು ಚಿಕ್ಕದಾಗಿ ಹೇಳುತ್ತೇನೆ. ಬೆಂಕಿಯ ಬೂದಿ ಪಾತ್ರೆಗೆ ತಾಕದಂತೆ ಅವುಗಳನ್ನು ಮಣ್ಣಿನ ಗೂಡುಗಳೊಳಗಿಟ್ಟು ಸುಡುವ ಉಪಾಯ ಕಂಡುಕೊಂಡ. ಹಾವು, ಹಲ್ಲಿ, ಮೀನು, ಕಪ್ಪೆಚಿಪ್ಪುಗಳ ಅಚ್ಚು ತೆಗೆದು, ಜೀವಂತವೆಂಬಂತೆ ಬಣ್ಣ ಕೊಟ್ಟು ಕೂರಿಸಿದ ಅವನ ತಟ್ಟೆಗಳು ಶ್ರೀಮಂತರ ಮನೆ ಸೇರಿದವು. ಮೊಂಮೊರಾಂಸಿ ಎಂಬ ಸೇನಾಧಿಪತಿ ಆಶ್ರಯ ಕೊಟ್ಟ. ಪ್ರಾಟೆಸ್ಟೆಂಟ್ ಪಂಥದವನೆಂದು ಸೆರೆಮನೆ ಸೇರಿದಾಗ ಬಿಡಿಸಿದ್ದೂ ಇಂಥ ದೊಡ್ಡವರ ಪ್ರಭಾವವೇ. ರಾಜಮಾತೆ ಕ್ಯಾಥರೀನ್ ದ ಮೆದೀಚಿ ಅವನನ್ನು ಪ್ಯಾರಿಸ್ಸಿಗೆ ಕರೆಸಿ ತ್ವೀಲರಿ ಅರಮನೆಯ ಆವರಣದಲ್ಲಿ ಕೆಲಸಕ್ಕೆ ಜಾಗ ಕೊಟ್ಟಳು. ಹೆಂಚಿನ ಗೂಡುಗಳಿದ್ದ ಜಾಗವಾದ್ದರಿಂದ ಆ ಹೆಸರು. ಕುಂಬಾರನಿಗೆ ಒಪ್ಪುವ ವಿಳಾಸ. 1980ರ ದಶಕದಲ್ಲಿ ಲೂವ್ರ್ ಆವರಣದ ಉತ್ಖನನದಲ್ಲಿ ಅವನ ಕಾರ್ಯಾಗಾರದ ಅಚ್ಚುಗಳೂ ಚೂರುಗಳೂ ದೊರೆತಿವೆ. ಇಷ್ಟಾದರೂ ಕಡೆಗೆ ಪಂಥ ಬಿಡಲೊಪ್ಪದೆ, ಎಂಬತ್ತರ ಹರೆಯದಲ್ಲಿ, 1590ರ ಸುಮಾರಿಗೆ ಬಾಸ್ತಿಲ್ ಸೆರೆಮನೆಯಲ್ಲೇ ತೀರಿಕೊಂಡ.

ನನ್ನನ್ನು ಬೆರಗುಗೊಳಿಸಿದ್ದು 1580ರ ಆ ಗ್ರಂಥದ ಇನ್ನೊಂದು ಭಾಗ. ಆ ಕಾಲದ ವಿದ್ವಾಂಸರು ಸಮುದ್ರದ ನೀರೇ ಭೂಮಿಯೊಳಗಿನ ದಾರಿಗಳಲ್ಲಿ ಹರಿದು, ಉಪ್ಪು ಕಳೆದುಕೊಂಡು, ಬುಗ್ಗೆಗಳಾಗಿ ಏಳುತ್ತದೆಂದು ನಂಬಿದ್ದರು. ಲ್ಯಾಟಿನ್ ಗ್ರೀಕ್ ಬಾರದ ಪಾಲಿಸಿ, ಬುಗ್ಗೆ ಬಾವಿಗಳ ನೀರಿಗೆ ಮಳೆಯೊಂದೇ ಮೂಲ, ಬೇರೆ ಯಾವುದೂ ಅಲ್ಲವೆಂದು ಖಂಡಿತವಾಗಿ ಬರೆದ. ಅದನ್ನು ಅಳೆದು ತೋರಿಸಿದ್ದು ಸುಮಾರು ನೂರು ವರ್ಷಗಳ ಮೇಲೆ, 1674ರಲ್ಲಿ, ಪಿಯರ್ ಪೆರೋ ಎಂಬಾತ. ಸೇನ್ ನದಿಯ ಮೇಲ್ಭಾಗದಲ್ಲಿ ಬೀಳುವ ಮಳೆಯು ನದಿಯಲ್ಲಿ ಹರಿಯುವ ನೀರಿನ ಸುಮಾರು ಆರು ಪಟ್ಟು ಎಂದು ಲೆಕ್ಕ ಹಾಕಿದ. ಪಾಲಿಸಿ ಇನ್ನೂ ಮುಂದೆ ಹೋಗಿ, ಮನೆಯ ಬಳಿ ಬುಗ್ಗೆಯನ್ನು ನಿರ್ಮಿಸಿಕೊಳ್ಳುವ ಬಗೆಯನ್ನೂ ಹೇಳಿದ್ದಾನೆ. ಇಳಿಜಾರಿನ ನೆಲವನ್ನು ಆರಿಸಿ, ತಳದಲ್ಲಿ ನೀರು ಇಂಗದಂತೆ ಹಾಸು ಹಾಕಿ, ಮೇಲೆ ಮರಳು ತುಂಬಿ, ಮಳೆನೀರನ್ನು ಅದರ ಮೂಲಕ ಸೋಸಿ ತೊಟ್ಟಿಗೆ ಬಿಡುವುದು!

ಆ ಪುಟವನ್ನು ಓದಿದ ಸಂಜೆ ಅಡಿಗೆಮನೆಗೆ ಹೋಗಿ ಶ್ರೀಮತಿಗೆ ಕನ್ನಡದಲ್ಲಿ ಹೇಳಿದೆ. "ಮುಚ್ಚಳ ಯಾವುದರದಂತೆ?" ಎಂದು ಕೇಳಿದಳು.

ಇನ್ನು ಮುಂದಿನ ಸಾಲಿನ ಹುಡುಗಿಯ ಪ್ರಶ್ನೆಗೆ ಉತ್ತರ. ಪಾಲಿಸಿ ತನ್ನ ಕಷ್ಟದ ಕಥೆಯಲ್ಲಿ ಉರಿದ ಮೇಜನ್ನೂ, ಒಣಗದ ಅಂಗಿಯನ್ನೂ, ಊಟ ಹಾಕಿದ ಹೋಟೆಲಿನವನನ್ನೂ ನೆನೆದಿದ್ದಾನೆ. ಹೆಂಡತಿಯ ಹೆಸರು ಹೇಳಿಲ್ಲ. ಹದಿನಾರು ವರ್ಷ ಆ ಮನೆಯಲ್ಲಿ ಒಲೆ ಉರಿದದ್ದು ಹೇಗೆಂದೂ ಹೇಳಿಲ್ಲ. ಇದನ್ನು ಅಂದೇ ಹೇಳಬೇಕಾಗಿತ್ತಮ್ಮ. ಕುಳಿತುಕೋ ಎಂದದ್ದು ನನ್ನ ತಪ್ಪು.

ಈ ಬರಹವನ್ನು ಮೊದಲು ಮನೆಯಲ್ಲೇ ಓದಿ ಹೇಳಿದೆ. ಶ್ರೀಮತಿ ಕೊತ್ತಂಬರಿ ಬಿಡಿಸುತ್ತ ಪೂರ್ತಿ ಕೇಳಿ, "ಬಳೆ ವಿಷಯ ತೆಗೆದುಹಾಕಿ" ಎಂದಳು. ತೆಗೆಯುವುದಿಲ್ಲವೆಂದೆ. "ಹಾಗಾದರೆ ಇದನ್ನೂ ಬರೀರಿ. ಆ ಮೇಜಿಗೆ ಗೆದ್ದಲು ಹಿಡಿದಿತ್ತು. ಎರಡು ಸಲ ಹೇಳಿದ್ದೆ, ನೀವು ಪೇಪರ್‌ನಿಂದ ತಲೆ ಎತ್ತಲಿಲ್ಲ" ಎಂದಳು. ನನಗೆ ಅಂಥ ನೆನಪಿರಲಿಲ್ಲ. ಮೇಜಿನ ಉಳಿದ ಒಂದು ಕಾಲು ಅಟ್ಟದ ಮೇಲಿತ್ತು. ಏಣಿ ಹಾಕಿಕೊಂಡು ಹತ್ತಿ, ಟಾರ್ಚ್ ಬಿಟ್ಟು ನೋಡಿದೆ. ತುದಿಯಿಂದ ಒಂದು ಗೇಣಿನವರೆಗೆ ತಿಂದುಹೋಗಿತ್ತು.